ಮುದ್ದೇಬಿಹಾಳದ ಹೊಲದಲ್ಲಿ ಮುರಿದ ಪಾಟಾ

ಸಿಂದಗಿಯಿಂದ ಇಂಡಿಗೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವ ಜಾಗದಲ್ಲಿ, ನಮ್ಮ ಕುಲುಮೆ ಇದೆ. ಲಾರಿ, ಟ್ರೇಲರ್, ಪಿಕಪ್ ಮುಂತಾದ ಗಾಡಿಗಳ ಅಡಿಯಲ್ಲಿ, ಚಕ್ರದ ಅಚ್ಚಿನ ಮೇಲೆ, ಕಮಾನಿನಂತೆ ಬಾಗಿಸಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಬಿಗಿದಿರುತ್ತಾರೆ. ಗಾಡಿಯ ಭಾರವನ್ನು ಹೊರುವುದೂ ರಸ್ತೆಯ ಪೆಟ್ಟನ್ನು ನುಂಗುವುದೂ ಅವೇ. ನಮ್ಮ ಕಡೆ ಅವನ್ನು ಪಾಟಾ ಎನ್ನುತ್ತಾರೆ. ನನ್ನ ಅಪ್ಪ ಪಾಟಾ ಮಿಸ್ತ್ರಿ. ಅಪ್ಪ ಇಕ್ಕಳದಲ್ಲಿ ಹಿಡಿದ ಕಬ್ಬಿಣಕ್ಕೆ ದೊಡ್ಡ ಸುತ್ತಿಗೆಯಿಂದ ಬಡಿಯುವವಳು ಅವ್ವ. ನಾನು ಈ ಮನೆತನದಲ್ಲಿ ಪದವಿ ಪಡೆದ ಮೊದಲಿಗಳು. ಜಿಲ್ಲಾ ಕೇಂದ್ರದ ಒಂದು ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ವಿಭಾಗದ ಅತಿಥಿ ಉಪನ್ಯಾಸಕಿ. ಕಬ್ಬಿಣವನ್ನು ಯಾವ ಉಷ್ಣತೆಗೆ ಕಾಯಿಸಬೇಕು, ಹೇಗೆ ತಣಿಸಬೇಕು ಎಂಬುದು ನಾನು ಪಾಠ ಮಾಡುವ ವಿಷಯಗಳಲ್ಲಿ ಒಂದು. ಇದನ್ನು ಮೊದಲೇ ಹೇಳಿಬಿಡುವುದು ಸರಿಯೆಂದು ತೋರುತ್ತದೆ. ಮುಂದೆ ಒಂದು ತಪ್ಪಿನ ವಿಷಯ ಬರುತ್ತದೆ. ಅದನ್ನು ತಿಳಿದಿರಬೇಕಾಗಿದ್ದವರು ಯಾರೆಂಬುದು ಓದುವವರಿಗೆ ಸ್ಪಷ್ಟವಾಗಿರಬೇಕು.

ಕುಲುಮೆಯ ಒಲೆ ಇರುವುದು ಪಡುವಣ ಮೂಲೆಯಲ್ಲಿ. ಅಲ್ಲಿ ಮೂರು ಕಡೆ ಕಲ್ಲಿನ ಗೋಡೆ, ಮೇಲೆ ತಗಡು, ಒಂದೂ ಕಿಟಕಿಯಿಲ್ಲ. ಮಟಮಟ ಮಧ್ಯಾಹ್ನದಲ್ಲಿಯೂ ಕೆಳಗೆ ಬಿದ್ದ ಬೋಲ್ಟನ್ನು ಕೈಯಿಂದ ತಡವಿ ಹುಡುಕಬೇಕಾಗುತ್ತಿತ್ತು. ಕಾಲೇಜಿನ ಗೆಳತಿಯರು ಒಮ್ಮೆ ಮನೆಗೆ ಬಂದಾಗ ಆ ಮೂಲೆಯನ್ನು ನಾನು ತೋರಿಸಲಿಲ್ಲ. ಕೆಲಸಕ್ಕೆ ಸೇರಿದ ಮೇಲೆ ನಾನು ಮಾಡಿಸಿದ ಮೊದಲ ಕೆಲಸವೆಂದರೆ ಒಲೆಯ ಮೇಲಿನ ನಾಲ್ಕು ತಗಡುಗಳನ್ನು ತೆಗೆಸಿ, ಬೆಳಕು ಇಳಿಯುವ ಫೈಬರ್ ಹಾಳೆ ಹಾಕಿಸಿದ್ದು. ಅಪ್ಪನಿಗೆ ಅರವತ್ತು ದಾಟಿದೆ, ಕಣ್ಣಿಗೆ ಶ್ರಮವಾಗಬಾರದು ಎಂಬುದು ನನ್ನ ವಿಚಾರವಾಗಿತ್ತು. ಅವ್ವ ಮೇಲೆ ನೋಡಿ, "ಇನ್ನ ಜ್ವಾಳದಾಗಿನ ಹರಳ ಇಲ್ಲೇ ಕುಂತು ಆರಸಬಹುದು ಬಿಡ," ಎಂದಳು. ಅಪ್ಪ, "ಚಲೋ ಆತು," ಎಂದರು. ಅವರು ಯಾವ ಕೆಲಸವನ್ನೂ ಇದಕ್ಕಿಂತ ಹೆಚ್ಚು ಹೊಗಳಿದ್ದನ್ನು ನಾನು ಕೇಳಿಲ್ಲ.

ಈಚೆಗೆ ಒಲೆ ಹೊತ್ತಿಸುವ ಕೆಲಸ ಅಪರೂಪವಾಗಿತ್ತು. ಮುರಿದ ಪಾಟಾ ಬಿಚ್ಚಿ, ತಯಾರಾಗಿ ಬರುವ ಪಾಟಾ ಹಾಕಿ, ಬೋಲ್ಟ್ ಬಿಗಿದು ಕಳುಹಿಸುವುದೇ ಹೆಚ್ಚು. ಹಾಗಾಗಿ ಹೊಸ ಹಾಳೆಯ ಕೆಳಗೆ ನಡೆದ ಮೊದಲ ದೊಡ್ಡ ಬೆಂಕಿಯ ಕೆಲಸ ಚಾಚಾನ ಪಿಕಪ್ಪಿನದು.

ಚಾಚಾ ನಮಗೆ ಸಂಬಂಧಿಕರಲ್ಲ. ಬಸವನ ಬಾಗೇವಾಡಿಯ ಹತ್ತಿರದ ಹಳ್ಳಿಯವರು, ಅಪ್ಪನ ಹಳೆಯ ಗಿರಾಕಿ. ನಾನು ಚಿಕ್ಕಂದಿನಿಂದ ಹಾಗೆ ಕರೆಯುತ್ತೇನೆ. ಅವರದು ಕೊಳವೆಬಾವಿಗಳಿಂದ ಕೆಟ್ಟ ಮೋಟಾರುಗಳನ್ನು ಮೇಲೆತ್ತುವ ಕೆಲಸ. ಪಿಕಪ್ಪಿನ ಹಿಂಭಾಗದಲ್ಲಿ ಕಬ್ಬಿಣದ ಎತ್ತರದ ಕಂಬ, ಗಾಲಿ, ಹಗ್ಗ, ಸರಪಳಿಗಳನ್ನು ಕಾಯಂ ಆಗಿ ಕೂರಿಸಿದ್ದರು. ಈ ಭಾರದೊಡನೆ ಗಾಡಿ ಒಡ್ಡು ಹತ್ತಿ ಇಳಿದು, ಎರೆಮಣ್ಣಿನ ಹೊಲಗಳನ್ನು ದಾಟಿ, ಬಾವಿಯ ಬಾಯಿಯವರೆಗೆ ಹೋಗಬೇಕು. ರಸ್ತೆ ಎಂಬುದು ಅವರ ದಿನದ ಬಹು ಚಿಕ್ಕ ಭಾಗ.

ಆ ಬೇಸಿಗೆಯಲ್ಲಿ ಅವರು ಗಾಡಿಯಿಂದ ಇಳಿದದ್ದೇ ಬಾಗಿಲನ್ನು ಹಿಡಿದುಕೊಂಡು ನಿಂತರು.

"ಮಿಸ್ತ್ರಿ, ಗಾಡಿ ನಾ ಹೇಳಿದಂಗ ಕೇಳ್ತೈತಿ. ನನ್ನ ಟೊಂಕ ಕೇಳವಲ್ದು."

ಅಪ್ಪ ಗಾಡಿಯ ಅಡಿಗೆ ಬಗ್ಗಿ ನೋಡಿದರು. "ಪಾಟಾ ಕುಂತಾವ್ರಿ ಸಾಹೇಬ್ರ. ಕಮಾನ ಉಳದಿಲ್ಲ, ಹಲಗಿ ಆಗ್ಯಾವ. ಹೋದ ವರ್ಷ ದಪ್ಪನ್ನ ಸೆಟ್ ಹಾಕ್ಸೀರಿ ಅಂದಿದ್ರಲ್ಲ?"

"ಹಾಕ್ಸಿದ್ದೆ, ತಿಂಗಳಕ್ಕ ತಗಿಸಿದೆ. ಗಾಡಿ ಮ್ಯಾಲ ಎದ್ತು, ಖರೆ. ಆದ್ರ ಬೀಸೂಕಲ್ಲಿನ ಮ್ಯಾಲ ಕುಂತು ಹೊಲ ದಾಟಿದಂಗ ಆತು. ಡಾಕ್ಟರ್ ಅಂದ, ಹಿಂಗ ಕುಲುಕಿದ್ರ ಬರೂ ಬ್ಯಾಸಗಿಗೆ ನೀ ಹಾಸಗಿ ಮ್ಯಾಲ ಅಂತ."

ಅವರಿಗೆ ಬೇಕಾದವು ಮೂರು. ಒಡ್ಡು ಹತ್ತುವಾಗ ಹೊಟ್ಟೆ ತಾಗದಂತೆ ಗಾಡಿ ನಾಲ್ಕು ಬೆರಳು ಮೇಲೇಳಬೇಕು. ಕಂಬದ ಭಾರಕ್ಕೆ ಮತ್ತೆ ಕುಸಿಯಬಾರದು. ಆದರೂ ಪಾಟಾ ಮೆತ್ತಗಿರಬೇಕು. ಅಂಗಡಿಯಲ್ಲಿ ಸಿಗುವ ಯಾವ ಸೆಟ್ಟೂ ಈ ಮೂರನ್ನೂ ಒಟ್ಟಿಗೆ ಕೊಡುವುದಿಲ್ಲ. ಪಾಟಾ ದಪ್ಪವಾದಷ್ಟೂ ಗಡುಸಾಗುತ್ತದೆ. ತೆಳುವಾದ ಪಾಟಾಗಳನ್ನು ಸಂಖ್ಯೆಯಲ್ಲಿ ಹೆಚ್ಚಿಸಿ, ಕಮಾನನ್ನು ಹೊಸದಾಗಿ ಬಾಗಿಸಬೇಕು. ಆ ರಾತ್ರಿಯೇ ನಾನು ಉದ್ದ, ಅಗಲ, ದಪ್ಪ, ಭಾರಗಳನ್ನು ಬರೆದುಕೊಂಡು ಲೆಕ್ಕ ಮಾಡಿದೆ, ಎರಡು ಸಲ ತಾಳೆ ನೋಡಿದೆ. ಹಿಂದಿನ ಒಂದೊಂದು ಚಕ್ರಕ್ಕೆ ಒಂಬತ್ತು ಪಾಟಾ ಬೇಕೆಂದು ಬಂತು. ಬೆಳಿಗ್ಗೆ ಕಾಗದವನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ಗಾಡಿಯ ಹಿಂದಿನ ಹಲಗೆಯ ಮೇಲೆ ಕುಳಿತೆದ್ದು, ಗೇಣು ಹಾಕಿ, ಎಂಟು ಸಾಕೆಂದರು.

"ನಿನ್ನ ಪುಸ್ತಕ ಒಂಬತ್ತ ಅಂತೈತಿ, ನನ್ನ ಕೈ ಎಂಟ ಅಂತೈತಿ. ನಡುವಿನ ಬೋಲ್ಟ್ ಏನಂತೈತಿ ಕೇಳೂನು ತಡಿ."

ಪಾಟಾಗಳನ್ನೆಲ್ಲ ಪೋಣಿಸಿ ಹಿಡಿಯುವ ಆ ಬೋಲ್ಟು ಒಂಬತ್ತನೆಯದಕ್ಕೆ ಸಾಲಲಿಲ್ಲ. ಎಂಟನೆಯದನ್ನು ತುಸು ದಪ್ಪ ಮಾಡುವುದೆಂದು ಒಪ್ಪಂದವಾಯಿತು. ಚಾಚಾ ನಗುತ್ತ, "ಬೇಟಿ, ಸಾಲಿ ಕಲ್ತೀ ಅಂತ ಬೋಲ್ಟ್ ಏನು ಉದ್ದ ಆಗೂದಿಲ್ಲ," ಎಂದರು.

ಬೆಂಕಿಯ ಕೆಲಸ ಮೂರು ದಿನ ನಡೆಯಿತು. ಅಪ್ಪ ನೆಲದ ಮೇಲೆ ಸೀಮೆಸುಣ್ಣದಿಂದ ಕಮಾನನ್ನು ಪೂರ್ಣ ಅಳತೆಯಲ್ಲಿ ಬರೆಯುತ್ತಾರೆ. ಪಾಟಾವನ್ನು ಕಾಯಿಸಿ, ಬಡಿದು, ಆ ಗೆರೆಗೆ ಹೊಂದಿಸಿ, ಮತ್ತೆ ಕಾಯಿಸಿ ಎಣ್ಣೆಯಲ್ಲಿ ಅದ್ದುತ್ತಾರೆ. ಅದ್ದುವ ಕ್ಷಣವೇ ಮುಖ್ಯ. ಆ ಹೊತ್ತಿನ ಬಣ್ಣವನ್ನು ನನ್ನ ಪಠ್ಯಪುಸ್ತಕ ಚೆರ್ರಿ ಹಣ್ಣಿನ ಕೆಂಪು ಎನ್ನುತ್ತದೆ. ಚೆರ್ರಿಯನ್ನು ನಾನು ಕಂಡಿರುವುದು ಬೇಕರಿಯ ಕೇಕಿನ ಮೇಲೆ ಮಾತ್ರ. ಆದರೂ ತರಗತಿಯಲ್ಲಿ ಆ ಪದವನ್ನು ತಡವರಿಸದೆ ಹೇಳುತ್ತೇನೆ. ಅಪ್ಪನ ಬಣ್ಣಗಳು ನಮ್ಮ ಸಂತೆಯವು. ಮೊದಲು ಬಾರಿಹಣ್ಣು, ಆಗ ಇನ್ನೂ ಕಾಯಬೇಕು. ಆಮೇಲೆ ದಾಳಿಂಬರದ ಕಾಳು, ಆಗ ಅದ್ದಬೇಕು. ಇಂಡಿಯ ಲಿಂಬಿಹಣ್ಣಿನ ಬಣ್ಣ ಬಂದರೆ ಆ ಕಬ್ಬಿಣ ಕೆಟ್ಟಂತೆ.

ಆ ಮೂರು ದಿನವೂ ಬಿಸಿಲು ಹಾಳೆಯಿಂದ ನೇರವಾಗಿ ಒಲೆಯ ಮೇಲೆ ಇಳಿಯುತ್ತಿತ್ತು. ಅಪ್ಪ ಪಾಟಾವನ್ನು ಹೊರತೆಗೆದು, ಹೊರಳಿಸಿ ನೋಡಿ, "ಇನ್ನೂ ಬಂದಿಲ್ಲ," ಎಂದು ಮತ್ತೆ ಒಳಗಿಡುತ್ತಿದ್ದರು.

"ಕಬ್ಬಣ ಭಾಳ ಬೆಂಕಿ ಕುಡ್ಯಾಕತ್ತೈತ್ರಿ ಈ ಸಲ," ಎಂದಳು ಅವ್ವ. ಒಂದೆರಡು ಪೆಟ್ಟು ಹಾಕಿ, ಸುತ್ತಿಗೆ ನಿಲ್ಲಿಸಿ, "ಬೆಣ್ಣಿ ಬಡದಂಗ ಆಗಾಕತ್ತೈತಿ ನೋಡ್ರಿ," ಎಂದೂ ಸೇರಿಸಿದಳು.

"ನಿನ್ನ ತೋಳಿಗೆ ಈ ವಯಸ್ಸಿನ್ಯಾಗ ಬಲ ಬಂದೈತಿ," ಎಂದರು ಅಪ್ಪ.

ನಾನು ನಕ್ಕೆ. ಆ ಮಾತನ್ನು ಅಷ್ಟಕ್ಕೇ ಬಿಟ್ಟೆವು.

ಹೊಸ ಪಾಟಾ ಹಾಕಿದ ಗಾಡಿ ನಾಲ್ಕು ಬೆರಳು ಮೇಲೆದ್ದು ನಿಂತಿತು. ಊರ ಹೊರಗಿನ ಹೊಲದ ಒಡ್ಡನ್ನು ಚಾಚಾ ಮೂರು ಸಲ ಹತ್ತಿಳಿಸಿದರು. ಇಳಿದವರು ಬಾಗಿಲು ಹಿಡಿಯಲಿಲ್ಲ. "ಮಿಸ್ತ್ರಿ, ಮಂಚದ ಮ್ಯಾಲ ಕುಂತಂಗ ಆತಪ್ಪಾ," ಎಂದರು. ನನ್ನ ಲೆಕ್ಕದ ಕಾಗದವನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡೆ. ತರಗತಿಯಲ್ಲಿ ಅದನ್ನು ಉದಾಹರಣೆಯಾಗಿ ಹೇಳುವ ಆಸೆಯಿತ್ತು.

ಎಂಟು ದಿನಗಳ ನಂತರ ಚಾಚಾ ಬಸ್ಸಿನಲ್ಲಿ ಬಂದರು. ಕೈಯಲ್ಲಿ ಗೋಣಿತಟ್ಟಿನ ಗಂಟಿತ್ತು. ಅದನ್ನು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಬಿಚ್ಚಿದರು. ಎಡಗಡೆಯ ನಮ್ಮ ಎರಡನೆಯ ಪಾಟಾ, ಎರಡು ತುಂಡು.

"ಮುದ್ದೇಬಿಹಾಳದ ಕಡೆ ಒಂದು ಹೊಲದಾಗ್ರಿ. ಮೋಟಾರ್ ಅರ್ಧಾ ಮ್ಯಾಲ ಬಂದಿತ್ತು. ಫಟ್ ಅಂತು. ನಾ ಪೈಪ್ ಒಡೀತು ಅನ್ಕೊಂಡೆ. ನೋಡೂದ್ರಾಗ ಗಾಡಿ ಎಡಕ್ಕ ಕುಂತೈತಿ, ಕಂಬ ಹೊಳ್ಳಿ ವಾಲೈತಿ."

"ಯಾರಿಗರ ಪೆಟ್ಟಾತೇನ್ರಿ?" ಎಂದರು ಅಪ್ಪ. ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿರಲಿಲ್ಲ.

"ಇಲ್ಲ. ಅಲ್ಲಾ ದೊಡ್ಡಾಂವ. ಪೈಪಿಗೆ ಕ್ಲಾಂಪ್ ಬಿಗದಿದ್ದೆ, ಮೋಟಾರ್ ಬಾವ್ಯಾಗ ಬೀಳಲಿಲ್ಲ." ಅವರು ಕಟ್ಟೆಯ ಮೇಲೆ ಕುಳಿತರು. "ನಿಮ್ಮ ಜೋಡಿ ಜಗಳಾ ಮಾಡಬೇಕಂತ ಮನಿಯಿಂದ ಮಾತು ಜೋಡಿಸ್ಕೊಂಡ ಬಂದಿದ್ದೆ ಮಿಸ್ತ್ರಿ. ದೇವರ ಹಿಪ್ಪರಗಿ ದಾಟೂದ್ರಾಗ ಎಲ್ಲಾ ಮರ್ತ ಹೋದ್ವು. ಈಗ ಏನ್ ಮಾಡೂನು ಹೇಳ್ರಿ."

ನಾನು ತುಂಡುಗಳನ್ನು ಎತ್ತಿ ನೋಡಿದೆ. ಸರಿಯಾಗಿ ಹದಗೊಂಡ ಉಕ್ಕು ಮುರಿದರೆ ಆ ಮುಖ ಬೂದುಬಣ್ಣಕ್ಕೆ ಸಣ್ಣಗೆ, ನುಣುಪಾಗಿರುತ್ತದೆ. ಇದರಲ್ಲಿ ಕಲ್ಲುಸಕ್ಕರೆಯ ಹಾಗೆ ದಪ್ಪ ಹರಳುಗಳು ಹೊಳೆಯುತ್ತಿದ್ದವು. ಇದಕ್ಕೆ ಒಂದೇ ಅರ್ಥ. ಪುಸ್ತಕದಲ್ಲಿ ಅದರ ಚಿತ್ರವೂ ಇದೆ.

"ಅಪ್ಪಾ, ಇದನ್ನು ಅತಿಯಾಗಿ ಕಾಯಿಸಲಾಗಿದೆ. ಬಣ್ಣವನ್ನು ಗುರುತಿಸುವಲ್ಲಿ ತಪ್ಪಾಗಿದೆ," ಎಂದೆ.

ಅಪ್ಪನೊಡನೆ ನಾನು ಎಂದೂ ಪುಸ್ತಕದ ಕನ್ನಡ ಆಡಿದವಳಲ್ಲ. ಅಂದು ಏಕೆ ಆಡಿದೆ ಎಂದು ಅನೇಕ ಸಲ ಯೋಚಿಸಿದ್ದೇನೆ. ಲೆಕ್ಕ ನನ್ನದಾಗಿತ್ತು, ತಪ್ಪು ಲೆಕ್ಕದಲ್ಲಿಲ್ಲ ಎಂದು ಚಾಚಾನ ಎದುರಿಗೆ ತಿಳಿಯಬೇಕಿತ್ತು. ಅದಕ್ಕಿಂತ ಮರ್ಯಾದೆಯ ಕಾರಣ ನನಗೆ ಸಿಕ್ಕಿಲ್ಲ.

ಅಪ್ಪ ತುಂಡನ್ನು ತೆಗೆದುಕೊಂಡು ಬೆಳಕಿಗೆ ಹಿಡಿದರು. "ಅಂದ್ರ ನನ್ನ ಕಣ್ಣು ತಪ್ಪ್ಯಾವ," ಎಂದರು.

ನಾನು ಇನ್ನೊಂದು ತುಂಡನ್ನು ಮತ್ತೆ ಗೋಣಿತಟ್ಟಿನಲ್ಲಿಟ್ಟೆ.

ಮರುವಾರ ಅವರನ್ನು ವಿಜಯಪುರಕ್ಕೆ ಕಣ್ಣಿನ ವೈದ್ಯರಲ್ಲಿಗೆ ಕರೆದುಕೊಂಡು ಹೋದೆ. ಓದಲು ಬಾರದವರಿಗೆಂದು ಗೋಡೆಯ ಮೇಲೆ ಮೂರು ಕಾಲಿನ ಒಂದೇ ಅಕ್ಷರವನ್ನು ಅತ್ತಿತ್ತ ತಿರುಗಿಸಿ ಬರೆದಿರುತ್ತಾರೆ. ಕಾಲು ಯಾವ ಕಡೆಗಿದೆ ಎಂದು ಕೈಯಲ್ಲಿ ತೋರಿಸಬೇಕು. ಅಪ್ಪ ಕೊನೆಯ ಸಾಲಿನವರೆಗೂ ತೋರಿಸಿದರು. ಪೊರೆ ಈಗಷ್ಟೇ ಆರಂಭವಾಗಿದೆ, ಸದ್ಯಕ್ಕೆ ಚಿಂತೆಯಿಲ್ಲ, ವರ್ಷ ಬಿಟ್ಟು ಬನ್ನಿ ಎಂದರು ವೈದ್ಯರು. ನನಗೆ ಸಮಾಧಾನವಾಯಿತು. ಬಸ್ಸಿನಲ್ಲಿ ಅಪ್ಪ ಹೇಳಿದರು:

"ಅವ್ರು ಅಕ್ಷರದ ಕಾಲು ನೋಡಿ ಹೇಳಿದ್ರು. ನಾ ಮುರದ ಪಾಟಾ ನೋಡೇನಿ. ಯಾವದು ಖರೆ ಹೇಳು ಯವ್ವಾ?"

"ಡಾಕ್ಟರು ಸುಳ್ಳ್ಯಾಕ ಹೇಳ್ತಾರಪ್ಪಾ?"

"ಪಾಟಾ ಯಾಕ ಸುಳ್ಳ ಹೇಳ್ತೈತಿ? ಕಂಬ ಹೊಳ್ಳಿದಾಗ ಕೆಳಗ ಒಬ್ಬಾಂವ ನಿಂತಿದ್ದಿದ್ರ?"

ಮನೆಗೆ ಬಂದ ಮೇಲೆ ಅಪ್ಪ ಒಲೆಯ ಬಾಯಿಯ ಮೇಲೆ ಕಬ್ಬಿಣದ ತಟ್ಟೆ ಮುಚ್ಚಿ, ಇಕ್ಕಳಗಳನ್ನು ಗೋಡೆಗೆ ನೇತುಹಾಕಿದರು. ಇನ್ನು ಬೆಂಕಿಯ ಕೆಲಸವಿಲ್ಲ, ತಯಾರಾದ ಪಾಟಾ ತರಿಸಿ ಬಿಗಿದು ಕೊಡುವುದಷ್ಟೇ ಎಂದರು. ಚಾಚಾನಿಗೂ ಫೋನಿನಲ್ಲಿ ಹಾಗೆಯೇ ಹೇಳಿದರು. ಅವರು ಒಪ್ಪಲಿಲ್ಲ. ಟೊಂಕಕ್ಕೆ ಪಟ್ಟಿ ಕಟ್ಟಿಕೊಂಡು, ಹಳೆಯ ಚಪ್ಪಟೆ ಪಾಟಾಗಳನ್ನೇ ಮತ್ತೆ ಹಾಕಿಸಿಕೊಂಡು ತಿರುಗುತ್ತೇನೆ, "ಮಿಸ್ತ್ರಿ ಬೆಂಕಿ ಹಚ್ಚಿದ ದಿನಾ ಬರ್ತೇನಿ," ಎಂದು ನನಗೆ ಹೇಳಿ ಫೋನ್ ಇಟ್ಟರು.

ನಾನು ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದೆ. ಅಪ್ಪ ದುಡಿಯುತ್ತಿದ್ದರು, ಗಿರಾಕಿಗಳೊಡನೆ ಮಾತನಾಡುತ್ತಿದ್ದರು. ಹೊರಗಿನವರಿಗೆ ಯಾವ ವ್ಯತ್ಯಾಸವೂ ಕಾಣುತ್ತಿರಲಿಲ್ಲ. ಅವ್ವ ಒಂದು ದಿನ ರೊಟ್ಟಿ ಬಡಿಯುತ್ತ, ತಲೆ ಎತ್ತದೆ ಹೇಳಿದಳು: "ನಿನ್ನೆ ಪಲ್ಯಾಕ ಉಪ್ಪ ಹಾಕೂದ ಮರ್ತಿದ್ದೆ. ಸುಮ್ನ ಉಂಡ ಎದ್ದ್ರು. ನಲವತ್ತ ವರ್ಷ ಉಪ್ಪಿನ ಸಲುವಾಗಿ ನನ್ನ ಬೈಕೋತ ಬಂದ ಮನಶ್ಯಾ."

ಮಳೆಗಾಲ ಶುರುವಾದ ಮೇಲೆ, ಒಂದು ಭಾನುವಾರ. ವಿದ್ಯಾರ್ಥಿಗಳಿಗೆ ತೋರಿಸಲು ನನಗೆ ಎರಡು ತುಂಡು ಬೇಕಾಗಿತ್ತು: ಅತಿಯಾಗಿ ಕಾಯ್ದದ್ದು ಒಂದು, ಸರಿಯಾಗಿ ಕಾಯ್ದದ್ದು ಒಂದು. ಮೊದಲನೆಯದು ಚಾಚಾನ ಗಂಟಿನಲ್ಲಿಯೇ ಇತ್ತು. ಎರಡನೆಯದಕ್ಕಾಗಿ ನಾನು ಅವ್ವನನ್ನು ಕರೆದು ಒಲೆ ಹೊತ್ತಿಸಿದೆ. ಅಪ್ಪ ಹೊರಗೆ ಬೇವಿನ ಗಿಡದ ಕೆಳಗೆ ಪಾನಾದಿಂದ ಒಂದು ಟ್ರೇಲರಿನ ಬೋಲ್ಟು ಬಿಗಿಯುತ್ತಿದ್ದರು. ಊದುವ ಯಂತ್ರದ ಸದ್ದು ಕೇಳಿಯೂ ಇತ್ತ ತಿರುಗಲಿಲ್ಲ.

ಪಾಟಾದ ಚೂರು ಬಾರಿಹಣ್ಣಾಯಿತು. ಕಾದೆ. ದಾಳಿಂಬರದ ಬಣ್ಣ ಬಂದಿತೆಂದು ಖಚಿತವಾದ ಮೇಲೆ ಇಕ್ಕಳದಲ್ಲಿ ಹಿಡಿದು ಹೊರತೆಗೆದೆ. ಅದೇ ಹೊತ್ತಿಗೆ ಹಾಳೆಯ ಮೇಲಿನ ಆಕಾಶವನ್ನು ಒಂದು ಮೋಡ ಮುಚ್ಚಿತು. ಮೂಲೆ ಕಪ್ಪಾಯಿತು. ನನ್ನ ಕೈಯಲ್ಲಿದ್ದ ಕಬ್ಬಿಣ, ನೋಡುತ್ತಿದ್ದಂತೆಯೇ, ಇಂಡಿಯ ಲಿಂಬಿಹಣ್ಣಿನ ಬಣ್ಣಕ್ಕೆ ತಿರುಗಿತು.

ಬೆಂಕಿಯಿಂದ ಹೊರಗೆ ಬಂದ ಕಬ್ಬಿಣ ಆರುತ್ತದೆ. ಆರುವ ಕಬ್ಬಿಣ ಹಳದಿಯಿಂದ ಕೆಂಪಿಗೆ ಹೋಗುತ್ತದೆಯೇ ಹೊರತು ಕೆಂಪಿನಿಂದ ಹಳದಿಗೆ ಬರುವುದಿಲ್ಲ. ಇದು ಎರಡನೆಯ ಸೆಮಿಸ್ಟರಿನ ಪಾಠ. ಹಾಗಿದ್ದರೆ ಬದಲಾದದ್ದು ಕಬ್ಬಿಣವಲ್ಲ. ಮೋಡ ಸರಿಯಿತು, ಬಿಸಿಲು ಇಳಿಯಿತು, ಚೂರು ಮತ್ತೆ ಸಾಧುವಾದ ಕೆಂಪು. ನಾನು ತಲೆಯೆತ್ತಿ ನೋಡಿದೆ. ನಾಲ್ಕು ಹಾಳೆ, ನಾನೇ ನಿಂತು ಹಾಕಿಸಿದ್ದು.

ಬಿಸಿಲಿನಲ್ಲಿ ಹಚ್ಚಿಟ್ಟ ದೀಪ ಮಂಕಾಗಿ ಕಾಣುವುದು ಯಾರಿಗೆ ಗೊತ್ತಿಲ್ಲ? ಕಾಯ್ದ ಕಬ್ಬಿಣದ ಹೊಳಪೂ ಅಷ್ಟೇ. ಆ ಬೆಳಕಿನಲ್ಲಿ ಅಪ್ಪ ತಮ್ಮ ದಾಳಿಂಬರ ಕಾಣುವವರೆಗೆ ಕಾದಿದ್ದರು. ಅದು ಕಾಣುವ ಹೊತ್ತಿಗೆ ಕಬ್ಬಿಣ ಕೆಟ್ಟಿರುತ್ತಿತ್ತು. ಅವರ ಕಣ್ಣು ತಪ್ಪಿರಲಿಲ್ಲ, ಕಂಡ ಬಣ್ಣವನ್ನೇ ನೋಡಿತ್ತು.

ಮೊದಲು ನನಗೆ ಹೊಳೆದದ್ದು ಸತ್ಯವನ್ನು ಹೇಳುವ ಮಾತಲ್ಲ. ಮಳೆಗಾಲ ಬಂದಿದೆ, ಹಾಳೆ ಸೋರುತ್ತಿದೆ ಎಂದು ಹೇಳಿ ಮೇಲೆ ತಾಡಪತ್ರಿ ಹೊದಿಸಿಬಿಡಬಹುದಾಗಿತ್ತು. ಆಗ ಮೂಲೆ ಮತ್ತೆ ಕತ್ತಲಾಗುತ್ತಿತ್ತು, ಯಾರೂ ನನ್ನನ್ನು ಕೇಳುತ್ತಿರಲಿಲ್ಲ. ಆದರೆ ಅಪ್ಪ ಒಲೆಯ ಮೇಲಿನ ತಟ್ಟೆಯನ್ನು ತೆಗೆಯುತ್ತಿರಲಿಲ್ಲ. ಅವರ ಲೆಕ್ಕದಲ್ಲಿ ಕೆಟ್ಟಿದ್ದು ಕಣ್ಣು. ಕತ್ತಲೆ ಮಾಡಿದರೆ ಕಣ್ಣು ಬರುವುದಿಲ್ಲ. ಇಕ್ಕಳ ಹಿಡಿದುಕೊಂಡೇ ಬೇವಿನ ಗಿಡದವರೆಗೆ ಹೋದೆ.

"ಅಪ್ಪಾ, ತಪ್ಪು ನಿನ್ನ ಕಣ್ಣಿಂದಲ್ಲ. ನಾ ಹಾಕ್ಸಿದ ಹಾಳೀದು."

ಅವರು ಪಾನಾ ಕೆಳಗಿಡಲಿಲ್ಲ. "ಏನಂದಿ?"

ಹೇಳಿದೆ. ಈ ಸಲ ಮನೆಯ ಮಾತಿನಲ್ಲಿಯೇ ಹೇಳಿದೆ. ಅವರು ನಂಬಲಿಲ್ಲ, ಮಗಳು ಸಮಾಧಾನಕ್ಕೆ ಹೇಳುತ್ತಿದ್ದಾಳೆ ಎಂದುಕೊಂಡಿರಬೇಕು. ಆದರೂ ಎದ್ದು ಬಂದರು. ಗೋಡೆಯ ಮೇಲಿನ ಇಕ್ಕಳಗಳನ್ನು ಮುಟ್ಟದೆ, ಕೈ ಹಿಂದೆ ಕಟ್ಟಿ ನಿಂತರು. ಚೂರನ್ನು ಮತ್ತೆ ಕಾಯಿಸಿ ಅಡಿಗಲ್ಲಿನ ಮೇಲಿಟ್ಟೆ. ಟ್ರೇಲರಿನ ತಾಡಪತ್ರಿಯ ಒಂದು ಅಂಚನ್ನು ಅವ್ವ, ಇನ್ನೊಂದನ್ನು ನಾನು ಹಿಡಿದು ಅದರ ಮೇಲೆ ನೆರಳು ಮಾಡಿದೆವು.

"ತಗೀರಿ," ಎಂದರು ಅಪ್ಪ. ತೆಗೆದೆವು. "ಹಿಡೀರಿ." ಹಿಡಿದೆವು. "ತಗೀರಿ."

ಐದಾರು ಸಲ ಹೀಗಾಯಿತು. ಚೂರು ಕಪ್ಪಾಗುವವರೆಗೂ ಅವರು ಬಗ್ಗಿ ನೋಡುತ್ತಲೇ ಇದ್ದರು. ಆಮೇಲೆ ಕಿಟಕಿಯಿಲ್ಲದ ಗೋಡೆಯತ್ತ ತಿರುಗಿದರು.

"ನಮ್ಮಪ್ಪ ಇಲ್ಲೆ ಕಿಡಕಿ ಇಡಸಲಿಲ್ಲ. ನಾ ಕಳ್ಳರ ಅಂಜಿಕಿಗಿ ಅಂತ ತಿಳದಿದ್ದೆ."

"ನಾನು ಬಡತನಕ್ಕ ಅಂತ ತಿಳದಿದ್ದೆ," ಎಂದೆ.

"ಇಬ್ರೂ ಶಾಣ್ಯಾರು ಬಿಡ್ರಿ," ಎಂದಳು ಅವ್ವ. "ಬೆಣ್ಣಿ ಬಡದಂಗ ಆಗಾಕತ್ತೈತಿ ಅಂತ ನಾ ಅವತ್ತ ಅಂದೆ. ನನ್ನ ತೋಳಿಗೆ ಬಲ ಬಂದೈತಿ ಅಂದ್ರು. ತೋಳು ಸಾಲಿ ಕಲ್ತಿಲ್ಲ ನೋಡು, ಅದರ ಮಾತು ಯಾರ ಕೇಳ್ತಾರ?"

ನಾನು ಕ್ಷಮೆ ಕೇಳಬೇಕೆಂದು ವಾಕ್ಯ ಜೋಡಿಸುತ್ತಿದ್ದೆ. ಅಪ್ಪ ಅದಕ್ಕೆ ಅವಕಾಶ ಕೊಡಲಿಲ್ಲ. "ನೀ ಹಾಕ್ಸಿದಿ, ಖರೆ. ಮೂರು ದಿನ ಅದರ ಕೆಳಗ ನಿಂತು ದುಡದಾಂವ ನಾ. ಒಂದು ಸಲರ ಮ್ಯಾಲ ನೋಡಿದ್ನೇನು?" ಎಂದು ಹೇಳಿ ಕೈ ಚಾಚಿದರು. "ಇಕ್ಕಳ ಕೊಡು. ಹಿಡಿಯೂದು ಹಿಂಗಲ್ಲ."

ಹಾಳೆಗಳನ್ನು ತೆಗೆಸುತ್ತೇನೆ ಎಂದೆ. ಅವ್ವ ಬೇಡವೆಂದಳು, ಅವಳ ಜೋಳಕ್ಕೆ ಬೆಳಕು ಬೇಕು. ಈಗ ಅಲ್ಲಿ ಹಗ್ಗಕ್ಕೆ ಪೋಣಿಸಿದ ತಾಡಪತ್ರಿ ಇದೆ. ಬೆಂಕಿ ಹಚ್ಚುವ ಮೊದಲು ಅವ್ವ ಎಳೆಯುತ್ತಾಳೆ. ಪಾಲಿಟೆಕ್ನಿಕ್‌ನ ಪ್ರಯೋಗಾಲಯದಲ್ಲಿ ನಾನೂ ಕುಲುಮೆಯ ಪಾಠಕ್ಕೆ ಮುನ್ನ ಕಿಟಕಿಗಳನ್ನು ಮುಚ್ಚಿಸುತ್ತೇನೆ. "ಮೇಡಂ, ಕರೆಂಟ್ ಇದ್ದಾಗೂ ಕತ್ತಲ್ಯಾಕ್ರಿ?" ಎಂದು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಕೆಟ್ಟ ತುಂಡನ್ನು ಅವರ ಕೈಗೆ ಕೊಟ್ಟು, ಇದು ಯಾರ ತಪ್ಪಿನಿಂದ ಆಯಿತು ಎಂಬುದನ್ನೂ ಹೇಳುತ್ತೇನೆ.

ಚಾಚಾನ ಗಾಡಿಯ ಎರಡೂ ಕಡೆಯ ಎಂಟೆಂಟು ಪಾಟಾಗಳನ್ನು ಅಪ್ಪ ಹೊಸದಾಗಿ ಮಾಡಿದರು. ಮೊದಲ ಸಲದವುಗಳಲ್ಲಿ ಮುರಿದದ್ದು ಒಂದೇ, ಆದರೂ ಅವುಗಳಲ್ಲಿ ಒಂದನ್ನೂ ಉಳಿಸಿಕೊಳ್ಳಲಿಲ್ಲ. ಗಾಡಿ ಹೋದ ಮೇಲೆ ಹತ್ತು ದಿನ ಅವರು ಫೋನನ್ನು ಜೇಬಿನಲ್ಲಿಯೇ ಇಟ್ಟುಕೊಂಡಿದ್ದರು. ಹನ್ನೊಂದನೆಯ ದಿನ ಕರೆ ಬಂತು. ಚಾಚಾ ಮುದ್ದೇಬಿಹಾಳದ ಅದೇ ಹೊಲದಲ್ಲಿದ್ದರು. ಅದೇ ಬಾವಿಯ ಮೋಟಾರು ಮತ್ತೆ ಸುಟ್ಟುಹೋಗಿತ್ತು.

"ಮಿಸ್ತ್ರಿ, ಮೋಟಾರ್ ಮ್ಯಾಲ ಬರಾಕತ್ತೈತಿ. ಪಾಟಾ ಏನಂತಾವ ನೀವ ಕೇಳ್ರಿ," ಎಂದು ಹೇಳಿ ಫೋನನ್ನು ಚಕ್ರದ ಹತ್ತಿರ ಹಿಡಿದರು.

ಅಪ್ಪ ಕಿವಿಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿಕೊಂಡು ಕೇಳಿದರು. ಪಕ್ಕದಲ್ಲಿದ್ದ ನನಗೂ ಕೇಳಿಸಿತು: ಕಿರ್, ಕಿರ್ ಎಂದು ಪಟ್ಟಿಗಳು ಒಂದರ ಮೇಲೊಂದು ಜಾರುವ ಸದ್ದು, ಹಿಂದೆ ಯಾರೋ ಹಗ್ಗ ಎಳೆಯಿರೆಂದು ಕೂಗುವುದು.

"ಕಿರಗುಟ್ಟಾಕತ್ತಾವಲ್ಲಪ್ಪಾ," ಎಂದೆ, ಗಾಬರಿಯಿಂದ.

"ಅನ್ಲಿ ಬಿಡು," ಎಂದರು. "ಎಂಟೂ ದುಡ್ಯಾಕತ್ತಾವ."

ಮೋಟಾರು ಪೂರ್ತಿ ಮೇಲೆ ಬರುವವರೆಗೂ ಅವರು ಫೋನನ್ನು ಇಳಿಸಲಿಲ್ಲ. ಆಮೇಲೆ ಅದನ್ನು ನನ್ನ ಕೈಗೆ ಕೊಟ್ಟು, ತಾಡಪತ್ರಿ ಎಳೆಯಲು ಅವ್ವನನ್ನು ಕೂಗಿದರು.